ಅರ್ಧ ಸೀಸನ್‌ನ ಪಟ್ಟಿಯನ್ನು ಎಷ್ಟು ನಂಬಬೇಕು?

ಬಾಸ್ಟನ್ ಸಮೀಪ ನೆಲೆಸಿರುವ ಓದುಗರೊಬ್ಬರು ಕೇಳಿದ್ದಾರೆ: ‘ಜುಲೈ ಬಂತೆಂದರೆ ಇಲ್ಲಿನ ಟಿವಿಯವರು ಯಾವ ಬೇಸ್‌ಬಾಲ್ ತಂಡಕ್ಕೆ ಪ್ಲೇಆಫ್ ಸೇರುವ ಸಾಧ್ಯತೆ ಶೇಕಡಾ ಎಷ್ಟು ಎಂದು ದಿನವೂ ತೋರಿಸುತ್ತಾರೆ. ಇನ್ನೂ ಅರ್ಧದಷ್ಟು ಪಂದ್ಯಗಳು ಬಾಕಿ ಇವೆ. ಆಡದ ಪಂದ್ಯದ ಫಲಿತಾಂಶ ಇವರಿಗೆ ಹೇಗೆ ಗೊತ್ತು? ಇದು ವಿಜ್ಞಾನವೋ, ಜ್ಯೋತಿಷ್ಯವೋ?’

ವಿಜ್ಞಾನವೇ. ಅದೂ ಬಲು ಸೊಗಸಾದ ವಿಜ್ಞಾನ. ಆದರೆ ಅದು ಹೇಳುವುದಕ್ಕೂ ಟಿವಿಯವರು ಅದರ ಹೆಸರಿನಲ್ಲಿ ಕೂಗುವುದಕ್ಕೂ ಅಂತರವಿದೆ.

ಬಾಸ್ಟನ್ನಿನವರ ಪ್ರಶ್ನೆಯಾದ್ದರಿಂದ ಅವರ ಊರಿನವರು ಇಂದಿಗೂ ಮರೆಯದ 1978ರ ಕಥೆಯನ್ನೇ ತೆಗೆದುಕೊಳ್ಳೋಣ. ಆ ವರ್ಷ ಜುಲೈ 19ರಂದು ಬಾಸ್ಟನ್ ರೆಡ್ ಸಾಕ್ಸ್ 90 ಪಂದ್ಯಗಳಲ್ಲಿ 62 ಗೆದ್ದಿತ್ತು. ಹಿಂದಿನ ವರ್ಷದ ಚಾಂಪಿಯನ್ ನ್ಯೂಯಾರ್ಕ್ ಯಾಂಕೀಸ್ ಅಷ್ಟೇ ಪಂದ್ಯಗಳಲ್ಲಿ 48 ಗೆದ್ದು, 14 ಪಂದ್ಯ ಹಿಂದಿತ್ತು. ಐದು ದಿನಗಳ ಬಳಿಕ ಯಾಂಕೀಸ್‌ನ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ರಾಜೀನಾಮೆ ಕೊಟ್ಟರು. ಬಾಬ್ ಲೆಮನ್ ಬಂದರು. ಸೆಪ್ಟೆಂಬರ್ 7ರಿಂದ 10ರವರೆಗೆ ಬಾಸ್ಟನ್ನಿನ ಸ್ವಂತ ಅಂಗಳ ಫೆನ್ವೇ ಪಾರ್ಕ್‌ನಲ್ಲಿ ನಡೆದ ನಾಲ್ಕೂ ಪಂದ್ಯಗಳನ್ನು ಯಾಂಕೀಸ್ ಗೆದ್ದಿತು. ನಾಲ್ಕರಲ್ಲಿ ಸೇರಿ ರನ್‌ಗಳು 42–9. ಬಾಸ್ಟನ್ ಬಿಟ್ಟುಕೊಡಲಿಲ್ಲ, ಕೊನೆಯ ಎಂಟೂ ಪಂದ್ಯ ಗೆದ್ದು ಸರಿಗಟ್ಟಿತು. 162 ಪಂದ್ಯ ಮುಗಿದಾಗ ಎರಡೂ ತಂಡಗಳ ಗೆಲುವು 99. ಅಕ್ಟೋಬರ್ 2ರಂದು ನಡೆದ ಹೆಚ್ಚುವರಿ ಪಂದ್ಯದಲ್ಲಿ ಹೊಡೆತಕ್ಕೆ ಹೆಸರಾಗದ ಬಕ್ಕಿ ಡೆಂಟ್ ಹೊಡೆದ ಮೂರು ರನ್‌ಗಳ ಹೋಮ್ ರನ್ ನೆರವಿನಿಂದ ಯಾಂಕೀಸ್ 5–4ರಲ್ಲಿ ಗೆದ್ದಿತು.

ಹಾಗಾದರೆ ಜುಲೈನ ಪಟ್ಟಿ ಸುಳ್ಳು ಹೇಳಿತ್ತೇ?

ಬೇಸ್‌ಬಾಲ್‌ನಲ್ಲಿ ವರ್ಷದ ಅತ್ಯುತ್ತಮ ತಂಡವೂ ಅರವತ್ತರಷ್ಟು ಪಂದ್ಯ ಸೋಲುವುದು ಸಾಮಾನ್ಯ. ಒಂದೊಂದು ಪಂದ್ಯದಲ್ಲೂ ಅದೃಷ್ಟದ ಪಾಲು ಅಷ್ಟು ದೊಡ್ಡದು. ಎಷ್ಟು ದೊಡ್ಡದೆಂದು ನಾಣ್ಯ ಚಿಮ್ಮಿ ಅಳೆಯಬಹುದು. ಅಪ್ಪಟ ಸಾಧಾರಣ ತಂಡವೊಂದು 81 ಪಂದ್ಯ ಆಡಿದರೆ ಸರಾಸರಿ 40 ಅಥವಾ 41 ಗೆಲ್ಲಬೇಕು. ಲೆಕ್ಕದ ಪ್ರಕಾರ ಅದರ ಗೆಲುವು 36ರಿಂದ 45ರೊಳಗೆ ಬೀಳುವುದು ನಾಲ್ಕರಲ್ಲಿ ಮೂರು ಸಲ ಮಾತ್ರ. ಉಳಿದ ಸಲ ಅದರಾಚೆಗೇ ಹೋಗುತ್ತದೆ. ಶಕ್ತಿಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲದ ಎರಡು ತಂಡಗಳ ನಡುವೆ ಅರ್ಧ ಸೀಸನ್ ಹೊತ್ತಿಗೆ ಆರು ಅಥವಾ ಹೆಚ್ಚು ಪಂದ್ಯಗಳ ಅಂತರ ಮೂಡುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು! ಪಟ್ಟಿಯಲ್ಲಿ ಕಾಣುವ ಅಂತರದಲ್ಲಿ ಶಕ್ತಿ ಎಷ್ಟು, ಅದೃಷ್ಟ ಎಷ್ಟು ಎಂದು ಬೇರ್ಪಡಿಸುವುದೇ ಇಲ್ಲಿನ ಇಡೀ ವಿದ್ಯೆ.

ಈ ವಿದ್ಯೆ ನಮ್ಮ ಅಡುಗೆಯವರಿಗೆ ಚೆನ್ನಾಗಿ ಗೊತ್ತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಮನೆಯ ಸಣ್ಣ ಪಾತ್ರೆಗೆ ಆ ಮಾತು ಸರಿ. ಅಲ್ಲಿ ಎಲ್ಲ ಅಗುಳಿಗೂ ಒಂದೇ ಬಿಸಿ. ಮದುವೆ ಮನೆಯ ಕೊಪ್ಪರಿಗೆಯಲ್ಲಿ ಹಾಗಲ್ಲ. ಸೌದೆ ಉರಿಯಲ್ಲಿ ತಳದ್ದು ಒಂದು ಹದ, ಮೇಲಿನದು ಇನ್ನೊಂದು ಹದ. ಅಲ್ಲಿ ಅನುಭವಿ ಅಡುಗೆ ಭಟ್ಟರು ಕೈಗೆ ಸಿಕ್ಕ ಒಂದು ಅಗುಳು ಗಟ್ಟಿಯಾಗಿತ್ತೆಂದು ಇಡೀ ಅನ್ನ ಬೆಂದಿಲ್ಲ ಎನ್ನುವುದಿಲ್ಲ. ಇದು ಹಳೆ ಅಕ್ಕಿಯೋ ಹೊಸ ಅಕ್ಕಿಯೋ, ಎಸರಿಗೆ ಹಾಕಿ ಎಷ್ಟು ಹೊತ್ತಾಯಿತು, ಇಂಥ ಅಕ್ಕಿ ಈ ಹೊತ್ತಿಗೆ ಸಾಮಾನ್ಯವಾಗಿ ಯಾವ ಹದದಲ್ಲಿರುತ್ತದೆ ಎಂಬುದೆಲ್ಲ ಅವರ ತಲೆಯಲ್ಲಿರುತ್ತದೆ. ಅಗುಳು ಹೇಳಿದ್ದನ್ನು ಆ ಅನುಭವದ ಕಡೆಗೆ ಸ್ವಲ್ಪ ಎಳೆದು ತೀರ್ಮಾನ ಮಾಡುತ್ತಾರೆ. ಹಿಸುಕಿದ ಅಗುಳು ಒಂದೆರಡಾದರೆ ಅನುಭವದ ಮಾತೇ ಹೆಚ್ಚು ನಡೆಯುತ್ತದೆ. ಸೌಟಿನ ತುಂಬ ತೆಗೆದು ನೋಡಿದರೆ ಅಗುಳಿನ ಮಾತು ನಡೆಯುತ್ತದೆ. ಎಷ್ಟು ಎಳೆಯಬೇಕು ಎಂಬುದನ್ನು ಭಟ್ಟರು ಕೈಯಳತೆಯಲ್ಲಿ ಮಾಡಿದರೆ ಸಂಖ್ಯಾಶಾಸ್ತ್ರಜ್ಞರು ಸೂತ್ರದಲ್ಲಿ ಮಾಡುತ್ತಾರೆ.

ಆ ಸೂತ್ರದ ಚರಿತ್ರೆಗೂ ಬೇಸ್‌ಬಾಲ್‌ಗೂ ಗಟ್ಟಿ ನಂಟಿದೆ. ಹಲವು ಸಂಗತಿಗಳನ್ನು ಒಟ್ಟಿಗೆ ಅಂದಾಜಿಸುವಾಗ ಒಂದೊಂದರ ಸರಾಸರಿಯನ್ನು ಇದ್ದ ಹಾಗೆಯೇ ನಂಬುವುದು ಉತ್ತಮ ದಾರಿಯಲ್ಲ ಎಂದು ಚಾರ್ಲ್ಸ್ ಸ್ಟೈನ್ 1956ರಲ್ಲಿ ತೋರಿಸಿದಾಗ ಸಹೋದ್ಯೋಗಿಗಳಿಗೇ ನಂಬಲು ಕಷ್ಟವಾಗಿತ್ತು. 1961ರಲ್ಲಿ ವಿಲ್ಲರ್ಡ್ ಜೇಮ್ಸ್ ಜೊತೆ ಸೇರಿ ಅವರು ಸೂತ್ರವನ್ನೇ ಕೊಟ್ಟರು. ಜನಸಾಮಾನ್ಯರಿಗೆ ಅದನ್ನು ಮನಗಾಣಿಸಿದವರು ಬ್ರಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್. 1977ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಅವರು 1970ರ ಸೀಸನ್‌ನ 18 ಬ್ಯಾಟರ್‌ಗಳ ಲೆಕ್ಕ ಮುಂದಿಟ್ಟರು. ಪ್ರತಿಯೊಬ್ಬರದೂ ಮೊದಲ 45 ಅವಕಾಶಗಳ ಹೊಡೆತ ಮಾತ್ರ ಗೊತ್ತಿದ್ದರೆ, ಉಳಿದ ಸೀಸನ್‌ನಲ್ಲಿ ಅವರು ಹೇಗೆ ಆಡುತ್ತಾರೆಂದು ಹೇಳಬಹುದೇ? ಹದಿನೆಂಟೂ ಜನರ ಅಂಕಿಗಳನ್ನು ಒಟ್ಟು ಸರಾಸರಿಯಾದ ಶೇ 26.5ರ ಕಡೆಗೆ ಬಲವಾಗಿ ಎಳೆದಾಗ, ಒಟ್ಟು ತಪ್ಪು ಮೂರನೇ ಒಂದು ಪಾಲಿಗಿಂತಲೂ ಕೆಳಕ್ಕಿಳಿಯಿತು!

ಆ ಪಟ್ಟಿಯ ಕೆಳತುದಿಯ ಹತ್ತಿರ ಥರ್ಮನ್ ಮನ್ಸನ್ ಎಂಬ ಹೊಸ ಹುಡುಗನಿದ್ದ. 45ರಲ್ಲಿ 8 ಹೊಡೆತ, ಶೇ 17.8. ಅಷ್ಟನ್ನೇ ನೋಡಿದವರು ಅವನನ್ನು ಮನೆಗೆ ಕಳಿಸುತ್ತಿದ್ದರು. ಉಳಿದ ಸೀಸನ್‌ನಲ್ಲಿ ಅವನು ಹೊಡೆದದ್ದು ಶೇ 31.6, ಆ ವರ್ಷದ ಶ್ರೇಷ್ಠ ಹೊಸಬ ಪ್ರಶಸ್ತಿಯೂ ಅವನದೇ ಆಯಿತು. 1978ರ ಯಾಂಕೀಸ್‌ಗೆ ಕ್ಯಾಪ್ಟನ್ ಆಗಿದ್ದವನೂ ಇದೇ ಮನ್ಸನ್. ಪಟ್ಟಿಯ ಮೇಲ್ತುದಿಯಲ್ಲಿದ್ದ ರಾಬರ್ಟೊ ಕ್ಲೆಮೆಂಟೆ ಶೇ 40ರಿಂದ ಶೇ 34.6ಕ್ಕೆ ಇಳಿದರು. ಸೂತ್ರ ಅವರನ್ನು ಶೇ 29ಕ್ಕೆ ಎಳೆದಿತ್ತು, ಅದು ಅತಿಯಾಯಿತು. ಕಾರಣ ಸ್ಪಷ್ಟ. ಕ್ಲೆಮೆಂಟೆ ಅದಾಗಲೇ ನಾಲ್ಕು ಬಾರಿ ಲೀಗ್‌ನ ಅಗ್ರ ಬ್ಯಾಟರ್ ಆಗಿದ್ದವರು. ಎಲ್ಲರನ್ನೂ ಒಂದೇ ಸರಾಸರಿಗೆ ಎಳೆದರೆ ಅಕ್ಕಿ ಯಾವುದೆಂದು ನೋಡದೆ ಹದ ಹೇಳಿದಂತೆ. ಇಂದಿನ ಲೆಕ್ಕಗಾರರು ಪ್ರತಿ ಆಟಗಾರನ ಹಿಂದಿನ ವರ್ಷಗಳ ಆಟ, ವಯಸ್ಸು, ಗಾಯ ಎಲ್ಲವನ್ನೂ ಸೇರಿಸುವುದು ಇದಕ್ಕಾಗಿಯೇ.

ಇದೇ ಎಳೆತವನ್ನು ತಂಡಗಳಿಗೆ ಹಚ್ಚುವುದು ಸುಲಭ. ತಂಡದ ಲೆಕ್ಕಕ್ಕೆ 35 ಗೆಲುವು, 35 ಸೋಲು ಸೇರಿಸಿ ನೋಡಿ. ಬೇಸ್‌ಬಾಲ್‌ನಲ್ಲಿ ಸುಮಾರು 70 ಪಂದ್ಯಗಳಾದಾಗ ಶಕ್ತಿ ಮತ್ತು ಅದೃಷ್ಟದ ಪಾಲು ಸಮವಾಗುತ್ತದೆ ಎಂಬ ಅಂದಾಜಿನಿಂದ ಬಂದ ಸಂಖ್ಯೆ ಅದು. 81ರಲ್ಲಿ 50 ಗೆದ್ದ ತಂಡದ ನಿಜವಾದ ಶಕ್ತಿ ಶೇ 62 ಅಲ್ಲ, ಶೇ 56ರ ಆಸುಪಾಸು. ಬಾಕಿ 81ರಲ್ಲಿ ಅದು 45 ಅಥವಾ 46 ಗೆಲ್ಲಬಹುದು. 44 ಗೆದ್ದ ಎದುರಾಳಿ ಸುಮಾರು 42 ಗೆಲ್ಲಬಹುದು. ಈಗಿನ ಆರರ ಅಂತರ ಕೊನೆಗೆ ಒಂಬತ್ತರ ಸುತ್ತಮುತ್ತ ನಿಲ್ಲಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ. ಅದೃಷ್ಟ ಮುಗಿಯಿತು, ಇನ್ನು ಮುಂದಿರುವ ತಂಡ ಕುಸಿಯಲೇಬೇಕು ಎಂದುಕೊಳ್ಳುತ್ತಾರೆ. ಹಾಗಿಲ್ಲ. ಅದೃಷ್ಟದಿಂದ ಬಂದ ಗೆಲುವನ್ನು ಯಾರೂ ವಾಪಸು ಕೇಳುವುದಿಲ್ಲ. ಅದು ಖಾತೆಯಲ್ಲೇ ಉಳಿಯುತ್ತದೆ. ಮುಂದಿನ ಅಂತರ ಮೊದಲಿನಷ್ಟು ವೇಗವಾಗಿ ಬೆಳೆಯುವುದಿಲ್ಲ, ಅಷ್ಟೇ. ಉಳಿದ 81 ಪಂದ್ಯಗಳ ಅದೃಷ್ಟವನ್ನೂ ಸೇರಿಸಿ ಲೆಕ್ಕ ಹಾಕಿದರೆ, ಆರು ಪಂದ್ಯ ಹಿಂದಿರುವ ತಂಡ ಮುಂದಿನದನ್ನು ಹಿಡಿಯುವ ಸಾಧ್ಯತೆ ಸುಮಾರು ಎಂಟರಲ್ಲಿ ಒಂದು. ಟಿವಿಯ ಶೇಕಡಾಗಳು ಹುಟ್ಟುವುದು ಹೀಗೆಯೇ. ವ್ಯತ್ಯಾಸವೆಂದರೆ ಅವರು ಬಾಕಿ ಇರುವ ಪ್ರತಿ ಪಂದ್ಯವನ್ನೂ ಕಂಪ್ಯೂಟರಿನಲ್ಲಿ ಸಾವಿರಾರು ಬಾರಿ ಆಡಿಸಿ, ತಂಡ ಎಷ್ಟು ಸಲ ಪ್ಲೇಆಫ್ ಸೇರಿತೆಂದು ಎಣಿಸುತ್ತಾರೆ.

ಗೆಲುವಿಗಿಂತ ಒಳ್ಳೆಯ ಅಗುಳು ಇನ್ನೊಂದಿದೆ: ರನ್. ಇದನ್ನು ಜನಪ್ರಿಯಗೊಳಿಸಿದ ಬಿಲ್ ಜೇಮ್ಸ್ ಕಾನ್ಸಾಸ್ ರಾಜ್ಯದ ಡಬ್ಬಿ ಆಹಾರದ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲುಗಾರರಾಗಿದ್ದವರು. ಪಾಳಿಯ ನಡುವೆ ಅಂಕಿ ಕೂಡಿಸುತ್ತ 1977ರಲ್ಲಿ ಸ್ವಂತ ಖರ್ಚಿನಿಂದ ಮೊದಲ ಪುಸ್ತಕ ತಂದರು. ಅವರ ಸೂತ್ರ ಸರಳ. ಗಳಿಸಿದ ರನ್‌ಗಳ ವರ್ಗ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗ ಕೂಡಿಸಿ. ಆ ಮೊತ್ತದಲ್ಲಿ ಮೊದಲನೆಯದರ ಪಾಲು ಎಷ್ಟೋ ಗೆಲುವಿನ ಪಾಲೂ ಹೆಚ್ಚುಕಡಿಮೆ ಅಷ್ಟೇ. ಪೈಥಾಗೊರಸ್‌ನ ಪ್ರಮೇಯದಂತೆ ವರ್ಗಗಳಿರುವುದರಿಂದ ಅದಕ್ಕೆ ಅವನದೇ ಹೆಸರು. ಒಂದೇ ರನ್ನಿನ ಗೆಲುವಿನಲ್ಲಿ ಅದೃಷ್ಟದ ಪಾಲು ಹೆಚ್ಚು. ಒಟ್ಟು ರನ್‌ಗಳಲ್ಲಿ ಅದು ತೊಳೆದುಹೋಗುತ್ತದೆ.

1978ಕ್ಕೆ ಇದನ್ನು ಹಚ್ಚೋಣ. ವರ್ಷ ಮುಗಿದಾಗ ಯಾಂಕೀಸ್ 735 ರನ್ ಗಳಿಸಿ 582 ಬಿಟ್ಟುಕೊಟ್ಟಿತ್ತು; ರೆಡ್ ಸಾಕ್ಸ್ 796 ಮತ್ತು 657. ಸೂತ್ರದ ಪ್ರಕಾರ 163 ಪಂದ್ಯಗಳಲ್ಲಿ ಯಾಂಕೀಸ್‌ಗೆ 100 ಗೆಲುವು, ಬಾಸ್ಟನ್ನಿಗೆ 97. ನಿಜವಾಗಿ ಬಂದದ್ದು 100 ಮತ್ತು 99. ಜುಲೈನಲ್ಲಿ 14 ಪಂದ್ಯ ದೂರವಿದ್ದ ಎರಡು ತಂಡಗಳು ಇಡೀ ವರ್ಷದ ರನ್ ಲೆಕ್ಕದಲ್ಲಿ ಅಕ್ಕಪಕ್ಕದಲ್ಲಿದ್ದವು, ಅದರಲ್ಲೂ ಹಿಂದಿದ್ದದ್ದೇ ತುಸು ಮೇಲೆ.

ಆದರೂ ಜುಲೈ 19ರಂದು ಕುಳಿತು ಮೇಲಿನ ಎಳೆತದ ಲೆಕ್ಕ ಹಾಕಿದ್ದರೆ ಯಾಂಕೀಸ್‌ಗೆ ಸಾವಿರಕ್ಕೆ ಎರಡು ಮೂರು ಅವಕಾಶವಷ್ಟೇ ಸಿಗುತ್ತಿತ್ತು. ಲೆಕ್ಕ ತಪ್ಪೆಂದು ಇದರಿಂದ ಸಿದ್ಧವಾಗುವುದಿಲ್ಲ. 2011ರ ಸೆಪ್ಟೆಂಬರ್ 3ರಂದು ಇದೇ ಬಾಸ್ಟನ್ ಟ್ಯಾಂಪಾ ಬೇ ರೇಸ್‌ಗಿಂತ ಒಂಬತ್ತು ಪಂದ್ಯ ಮುಂದಿತ್ತು. ಪ್ಲೇಆಫ್ ಸಾಧ್ಯತೆ ಶೇ 99ಕ್ಕೂ ಹೆಚ್ಚೆಂದು ಅಂದಾಜಾಗಿತ್ತು. ಸೆಪ್ಟೆಂಬರ್ 28ರ ಕೊನೆಯ ರಾತ್ರಿ ಬಾಸ್ಟನ್ 4–3ರಲ್ಲಿ ಸೋತಿತು. ಬೇರೊಂದು ಪಂದ್ಯದಲ್ಲಿ 0–7ರಿಂದ ಹಿಂದಿದ್ದ ರೇಸ್ 8–7ರಲ್ಲಿ ಗೆದ್ದು ಬಾಸ್ಟನ್ನಿನ ಬದಲು ಒಳಬಂದಿತು. ಮುನ್ಸೂಚನೆಯ ಮಾನ ಹೋಯಿತೆಂದು ಅನೇಕರು ಬರೆದರು. ನಾನು ಒಪ್ಪುವುದಿಲ್ಲ. ಶೇ 99 ಎಂದು ಹೇಳಿಸಿಕೊಂಡ ನೂರು ತಂಡಗಳಲ್ಲಿ ಸರಾಸರಿ ಒಂದು ಹೊರಗುಳಿಯಬೇಕು. ಅಂಥ ತಂಡಗಳಲ್ಲಿ ಎಂದೂ ಒಂದೂ ಹೊರಗುಳಿಯದಿದ್ದರೆ ಆ ಸಂಖ್ಯೆಯನ್ನೇ ಅನುಮಾನಿಸಬೇಕು. ದಶಕಗಟ್ಟಲೆ, ಹತ್ತಾರು ತಂಡಗಳು ಆಡುವ ಆಟದಲ್ಲಿ ಅಪರೂಪದ್ದು ಆಗಾಗ ನಡೆಯುವುದೇ ಲೆಕ್ಕ ಸರಿಯಿರುವುದರ ಗುರುತು.

ಈ ಲೆಕ್ಕದ ಬೆಲೆ ತಿಳಿಯುವುದು ಜುಲೈ ಕೊನೆಯ ಹೊತ್ತಿಗೆ, ಆಟಗಾರರ ವಿನಿಮಯದ ಗಡುವು ಹತ್ತಿರವಾದಾಗ. ತಂಡಗಳು ಮುಂದಿನ ಹತ್ತು ವರ್ಷದ ಆಸ್ತಿಯಾಗಬಲ್ಲ ಎಳೆಯ ಆಟಗಾರರನ್ನು ಕೊಟ್ಟು ಒಬ್ಬ ತಾರೆಯನ್ನು ತರುತ್ತವೆ, ಟಿವಿಯಲ್ಲಿ ‘ಇನ್ನು ಪ್ಲೇಆಫ್ ಖಚಿತ’ ಎಂಬ ಕೂಗು ಏಳುತ್ತದೆ. ಇಡೀ ವರ್ಷ ಆಡಿದರೆ ಆರೆಂಟು ಗೆಲುವು ಹೆಚ್ಚಿಸಬಲ್ಲ ಅಪರೂಪದ ತಾರೆ ಉಳಿದ ಎರಡು ತಿಂಗಳಲ್ಲಿ ಹೆಚ್ಚಿಸುವುದು ಸುಮಾರು ಎರಡು ಗೆಲುವು. ಎದುರಾಳಿಯೊಡನೆ ಸಮಸಮವಿರುವ ತಂಡಕ್ಕೆ ಆ ಎರಡು ಬಂಗಾರ. ಒಂಬತ್ತರ ಅಂತರ ಎದುರಿಸುತ್ತಿರುವ ತಂಡಕ್ಕೆ ಅದು ಹತ್ತು ವರ್ಷದ ಬೆಲೆ ಕೊಟ್ಟು ಕೊಂಡ ಎರಡು ತಿಂಗಳ ಸಮಾಧಾನ. ಆದ್ದರಿಂದ ಬಾಸ್ಟನ್ನಿನ ಮಿತ್ರರಿಗೆ ನನ್ನ ಸಲಹೆ: ಗಡುವಿನ ವಾರದಲ್ಲಿ ಪಟ್ಟಿಯ ಸ್ಥಾನಕ್ಕಿಂತ ಮೊದಲು ಎರಡೂ ತಂಡಗಳು ಗಳಿಸಿದ, ಬಿಟ್ಟುಕೊಟ್ಟ ರನ್ ನೋಡಿ. ನಿಮ್ಮ ತಂಡ ತಾರೆಯನ್ನು ಕೊಳ್ಳಬೇಕೋ ಕಾಯಬೇಕೋ ಎಂಬುದನ್ನು ಆಗ ನೀವೇ ಹೇಳಬಲ್ಲಿರಿ.