ಕಡತದಲ್ಲೇ ಉಳಿದ ದೂರುಗಳು

ಮಕ್ಕಳನ್ನು ಶಿಬಿರಕ್ಕೂ ಚಾರಣಕ್ಕೂ ಕರೆದೊಯ್ದು ಶಿಸ್ತು, ಸೇವೆ, ಸಹಬಾಳ್ವೆಗಳನ್ನು ಕಲಿಸುವ ಯುವಜನ ಸಂಘಟನೆಗಳು ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿಯುವ ವಯಸ್ಕರ ಬಲದಿಂದಲೇ ನಡೆಯುತ್ತವೆ. ತಮ್ಮ ಬಿಡುವಿನ ವೇಳೆಯನ್ನು ಪರರ ಮಕ್ಕಳಿಗಾಗಿ ಮೀಸಲಿಡುವ ಇಂಥವರಲ್ಲಿ ಬಹುತೇಕರು ಶುದ್ಧ ಮನಸ್ಸಿನವರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರಲ್ಲೊಬ್ಬನ ಮೇಲೆ ಮಗುವೊಂದು ಲೈಂಗಿಕ ದೌರ್ಜನ್ಯದ ಮಾತನ್ನು ಬಾಯಿಬಿಟ್ಟು ಹೇಳಿದಾಗ ಸಂಘಟನೆ ಆ ಮಾತನ್ನು ಯಾರ ಕಿವಿಗೆ ಮುಟ್ಟಿಸಿತು, ಯಾರಿಂದ ಮುಚ್ಚಿಟ್ಟಿತು ಎಂಬುದನ್ನು ಒಂದು ಶತಮಾನದ ದಾಖಲೆಗಳಲ್ಲಿ ಹುಡುಕಿದರೆ ಕಾಣುವ ಚಿತ್ರ ಮನಸ್ಸನ್ನು ಕಲಕುವಂಥದು. ಈ ದಾಖಲೆಗಳಲ್ಲಿ ಅತ್ಯಂತ ವಿಸ್ತಾರವಾದವುಗಳನ್ನು ಬರೆದಿಟ್ಟ ಸಂಸ್ಥೆ ಬಾಯ್ ಸ್ಕೌಟ್ಸ್ ಆಫ್ ಅಮೆರಿಕ. ಅದು ಅವುಗಳನ್ನು ಬರೆದಿಟ್ಟದ್ದು ತನ್ನ ಉಪಯೋಗಕ್ಕೇ ಹೊರತು ಪೊಲೀಸರಿಗಾಗಲೀ ಪಾಲಕರಿಗಾಗಲೀ ತೋರಿಸುವುದಕ್ಕಲ್ಲ.

1910ರಲ್ಲಿ ಆರಂಭವಾಗಿ 1916ರಲ್ಲಿ ಅಮೆರಿಕದ ಸಂಸತ್ತಿನಿಂದಲೇ ಸನ್ನದು ಪಡೆದ ಈ ಸಂಸ್ಥೆ, 1920ರ ದಶಕದ ಹೊತ್ತಿಗಾಗಲೇ ಮಕ್ಕಳ ಜೊತೆ ಇರಲು ಯೋಗ್ಯರಲ್ಲವೆಂದು ತಾನು ತೀರ್ಮಾನಿಸಿದ ವಯಸ್ಕರ ಹೆಸರುಗಳನ್ನು ಪ್ರತ್ಯೇಕ ಕಡತಗಳಲ್ಲಿ ದಾಖಲಿಸತೊಡಗಿತ್ತು. ‘ಅನರ್ಹ ಸ್ವಯಂಸೇವಕರ ಕಡತ’ಗಳೆಂದು ಕರೆಯಲಾದ ಇವುಗಳ ಉದ್ದೇಶ, ಒಂದು ಊರಿನ ದಳದಿಂದ ಹೊರಹಾಕಿದ ವ್ಯಕ್ತಿ ಇನ್ನೊಂದು ಊರಿಗೆ ಹೋಗಿ ಮತ್ತೆ ಸ್ಕೌಟ್ ಮಾಸ್ಟರ್ ಆಗದಂತೆ, ಎಂದರೆ ದಳದ ಮುಖ್ಯಸ್ಥನ ಸ್ಥಾನಕ್ಕೆ ಏರದಂತೆ, ತಡೆಯುವುದಾಗಿತ್ತು. ಆ ಕಾಲಕ್ಕೆ ಇದು ಮುಂದಾಲೋಚನೆಯ ಕ್ರಮವೇ ಸರಿ. ಆದರೆ ಕಡತಗಳ ಸಂಗ್ರಹ ಬೆಳೆಯುತ್ತ ಹೋದಂತೆ, ದೇಶದ ಮೂಲೆಮೂಲೆಯಲ್ಲಿ ಒಂದೇ ಬಗೆಯ ಅಪರಾಧ ಒಂದೇ ಬಗೆಯ ಸನ್ನಿವೇಶದಲ್ಲಿ ಮರುಕಳಿಸುತ್ತಿದೆ ಎಂಬ ಸತ್ಯ ಕೇಂದ್ರ ಕಚೇರಿಗೆ ಮಾತ್ರ ಕಾಣುವಂತಾಯಿತು. ತಮ್ಮ ಮಕ್ಕಳನ್ನು ಶಿಬಿರಕ್ಕೆ ಕಳುಹಿಸುತ್ತಿದ್ದ ತಂದೆತಾಯಿಗಳಿಗೆ ಆ ಸತ್ಯದ ಸುಳಿವೂ ಇರಲಿಲ್ಲ. ಸಂಸ್ಥೆಗೆ ತಿಳಿದಿರಲಿಲ್ಲವೆಂಬ ವಾದ ಇಲ್ಲಿ ನಿಲ್ಲುವುದೇ ಇಲ್ಲ, ಏಕೆಂದರೆ ತಿಳಿದುದನ್ನು ಅದು ಹೆಸರು, ಊರು, ಇಸವಿಗಳ ಸಮೇತ ಬರೆದಿಟ್ಟುಕೊಂಡಿತ್ತು.

ಈ ಕಡತಗಳು ಸಾರ್ವಜನಿಕರ ಕೈಗೆ ಬಂದದ್ದು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ನಡೆದ ಒಂದು ಸಿವಿಲ್ ಮೊಕದ್ದಮೆಯಿಂದ. ಅಲ್ಲಿನ ಒಬ್ಬ ಸಹಾಯಕ ಸ್ಕೌಟ್ ಮಾಸ್ಟರ್ 1983ರಲ್ಲಿ ತಾನು 17 ಬಾಲಕರ ಮೇಲೆ ದೌರ್ಜನ್ಯ ಎಸಗಿದ್ದಾಗಿ, ದಳಕ್ಕೆ ಆಶ್ರಯ ನೀಡಿದ್ದ ಚರ್ಚಿನ ಹಿರಿಯರ ಮುಂದೆ ಒಪ್ಪಿಕೊಂಡಿದ್ದ. ಒಪ್ಪಿಕೊಂಡ ಮೇಲೂ ಅವನು ದಳದ ಚಟುವಟಿಕೆಗಳ ಜೊತೆ ಒಡನಾಡುವುದು ನಿಲ್ಲಲಿಲ್ಲ. ವರ್ಷಗಳ ನಂತರ ಸಂತ್ರಸ್ತರಲ್ಲೊಬ್ಬರು ಹೂಡಿದ ದಾವೆಯಲ್ಲಿ 2010ರ ಏಪ್ರಿಲ್‌ನಲ್ಲಿ ನ್ಯಾಯದರ್ಶಿ ಮಂಡಳಿ, ಅಂದರೆ ಸಾಮಾನ್ಯ ನಾಗರಿಕರಿಂದಲೇ ಆಯ್ದ ತೀರ್ಪುಗಾರರ ತಂಡ, ಸಂಸ್ಥೆಯ ಮೇಲೆ 1.85 ಕೋಟಿ ಡಾಲರುಗಳ ದಂಡನಾತ್ಮಕ ಪರಿಹಾರವನ್ನು ವಿಧಿಸಿತು. ದಂಡನಾತ್ಮಕ ಪರಿಹಾರವೆಂದರೆ ಆದ ನಷ್ಟವನ್ನು ತುಂಬಿಕೊಡುವ ಮೊತ್ತವಲ್ಲ, ನಡತೆಯ ಹೊಣೆಗೇಡಿತನಕ್ಕೆ ವಿಧಿಸುವ ಶಿಕ್ಷೆ. ಆ ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಹಾಜರಾದ, 1965ರಿಂದ 1985ರವರೆಗಿನ 1,200ಕ್ಕೂ ಹೆಚ್ಚು ಕಡತಗಳನ್ನು ಗೋಪ್ಯವಾಗಿಡಬೇಕೆಂಬ ಸಂಸ್ಥೆಯ ವಾದವನ್ನು ಒರೆಗಾನ್‌ನ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ತಳ್ಳಿಹಾಕಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಸಂತ್ರಸ್ತರ ಹೆಸರುಗಳನ್ನು ಅಳಿಸಿ, ಅವನ್ನು ಪ್ರಕಟಿಸಲಾಯಿತು.

ಅದೇ ವರ್ಷ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ 1970ರಿಂದ 1991ರವರೆಗಿನ ಸುಮಾರು 1,600 ಕಡತಗಳನ್ನು ಓದಿತು. ಬಾಲಕರಿಂದಲೋ ಪಾಲಕರಿಂದಲೋ ಸಿಬ್ಬಂದಿಯಿಂದಲೋ ಸಂಸ್ಥೆಗೆ ನೇರವಾಗಿ ದೂರು ತಲುಪಿದ್ದ 500ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಶೇ 80ರಷ್ಟರಲ್ಲಿ ಪೊಲೀಸರಿಗೆ ತಿಳಿಸಿದ ದಾಖಲೆಯೇ ಇಲ್ಲವೆಂದೂ, 100ಕ್ಕೂ ಹೆಚ್ಚು ಪ್ರಕರಣಗಳನ್ನು ಸಂಸ್ಥೆಯ ಅಧಿಕಾರಿಗಳು ತಾವಾಗಿ ಮುಚ್ಚಿಹಾಕಲು ಯತ್ನಿಸಿದರು ಅಥವಾ ಆರೋಪಿಗೆ ಮುಚ್ಚಿಹಾಕಲು ಬಿಟ್ಟರೆಂದೂ ಅದು ವರದಿ ಮಾಡಿತು. ಆರೋಪಿತನನ್ನು ಕರೆದು ಆರೋಗ್ಯದ ಕಾರಣಕ್ಕೋ ಕೆಲಸದ ಒತ್ತಡಕ್ಕೋ ರಾಜೀನಾಮೆ ಕೊಡುತ್ತಿರುವುದಾಗಿ ಬರೆಸಿಕೊಂಡು, ಗೌರವ ಕೆಡದಂತೆ ಬೀಳ್ಕೊಟ್ಟು, ಕಡತದಲ್ಲಿ ಮಾತ್ರ ನಿಜವಾದ ಕಾರಣವನ್ನು ನಮೂದಿಸುವುದು ಆ ಕಾಲದ ರೂಢಿಯಾಗಿತ್ತು. ಸಂಸ್ಥೆಯ ದೃಷ್ಟಿಯಲ್ಲಿ ಅಲ್ಲಿಗೆ ಸಮಸ್ಯೆ ಮುಗಿದಿತ್ತು. ಆದರೆ ಆ ವ್ಯಕ್ತಿ ವಾಸಿಸುತ್ತಿದ್ದ ಬೀದಿಯ ಮಕ್ಕಳಿಗೆ, ಅವನು ಮುಂದೆ ಸೇರಲಿದ್ದ ಶಾಲೆಯ ಮಕ್ಕಳಿಗೆ ಏನೂ ಮುಗಿದಿರಲಿಲ್ಲ.

ಇದನ್ನು ಕೆಲವು ಕೆಟ್ಟ ಅಧಿಕಾರಿಗಳ ಕೃತ್ಯವೆಂದು ವಿವರಿಸಿಬಿಟ್ಟರೆ ವಿಷಯದ ತಿರುಳು ತಪ್ಪಿಹೋಗುತ್ತದೆ. ಸ್ವಯಂಸೇವಕರನ್ನು ಅವಲಂಬಿಸಿದ ಸಂಘಟನೆಗಳಲ್ಲಿ ಜನ ಸಿಗುವುದೇ ಕಷ್ಟ. ಇಪ್ಪತ್ತು ಹುಡುಗರನ್ನು ವಾರವಿಡೀ ಕಾಡಿನಲ್ಲಿ ನೋಡಿಕೊಳ್ಳಲು ಒಪ್ಪುವವನ ಮೇಲೆ ಇಡೀ ಊರಿಗೆ ಕೃತಜ್ಞತೆ ಇರುತ್ತದೆ, ಮತ್ತು ಆ ಕೃತಜ್ಞತೆಯೇ ಅವನ ಮೊದಲ ರಕ್ಷಾಕವಚವಾಗುತ್ತದೆ. ದೂರನ್ನು ಕೇಳಬೇಕಾದವರು ಅವನ ನೆರೆಹೊರೆಯವರು, ಒಂದೇ ಚರ್ಚಿಗೆ ಹೋಗುವವರು, ಎಷ್ಟೋ ಶಿಬಿರಗಳಲ್ಲಿ ಅವನ ಜೊತೆ ಒಲೆ ಹಚ್ಚಿದವರು. ಇಷ್ಟು ಸಾಲದೆಂಬಂತೆ ಅಪರಾಧ ಎಸಗಲು ಬಯಸುವವನು ಮಗುವನ್ನು ಮಾತ್ರವಲ್ಲ, ಮಗುವಿನ ಮನೆಯವರನ್ನೂ ಸಹೋದ್ಯೋಗಿಗಳನ್ನೂ ತಿಂಗಳುಗಟ್ಟಲೆ ಒಲಿಸಿಕೊಂಡು ನಂಬಿಕೆ ಗಳಿಸಿರುತ್ತಾನೆ. ಮಕ್ಕಳ ರಕ್ಷಣೆಯ ಕ್ಷೇತ್ರದಲ್ಲಿ ಇದನ್ನು ‘ಗ್ರೂಮಿಂಗ್’ ಎನ್ನುತ್ತಾರೆ. ಹೀಗೆ ಒಲಿಸಿಕೊಂಡವರ ಕೈಯಲ್ಲೇ ಅವನ ಮೇಲಿನ ದೂರಿನ ಸತ್ಯಾಸತ್ಯತೆಯನ್ನು ತೀರ್ಮಾನಿಸುವ ಅಧಿಕಾರವನ್ನೂ ಇಟ್ಟರೆ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ತೀರ್ಮಾನ ಯಾವ ಕಡೆಗೆ ವಾಲೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಒಳಗಿನ ಕಪ್ಪುಪಟ್ಟಿ ತನ್ನ ಕೆಲಸವನ್ನು ತಪ್ಪಿಲ್ಲದೆ ಮಾಡಿದಾಗಲೂ ಅದರ ವ್ಯಾಪ್ತಿ ಎಷ್ಟು ಕಿರಿದೆಂಬುದಕ್ಕೆ ಸ್ಕಾಟ್ಲೆಂಡ್‌ನ ಡನ್‌ಬ್ಲೇನ್ ಪಟ್ಟಣದ ದುರಂತ ಸಾಕ್ಷಿ. ಅಲ್ಲಿ ತಾಮಸ್ ಹ್ಯಾಮಿಲ್ಟನ್ ಎಂಬಾತ ಶಿಬಿರಗಳಲ್ಲಿ ಹುಡುಗರನ್ನು ನಡೆಸಿಕೊಂಡ ರೀತಿಯ ಬಗ್ಗೆ ದೂರುಗಳು ಬಂದಾಗ ಸ್ಕೌಟ್ ಸಂಸ್ಥೆ 1974ರಲ್ಲೇ ಅವನ ಅಧಿಕಾರಪತ್ರವನ್ನು ಹಿಂತೆಗೆದುಕೊಂಡು, ಅವನು ಮತ್ತೆಂದೂ ಒಳಬರದಂತೆ ನೋಡಿಕೊಂಡಿತು. ಅವನು ತನ್ನದೇ ಬಾಲಕರ ಕ್ಲಬ್ಬುಗಳನ್ನು ಕಟ್ಟಿ, ಶಾಲೆಗಳ ಸಭಾಂಗಣಗಳನ್ನು ಬಾಡಿಗೆಗೆ ಪಡೆದು, ಎರಡು ದಶಕ ಮಕ್ಕಳ ನಡುವೆಯೇ ಇದ್ದ. ಕೊನೆಗೆ 1996ರ ಮಾರ್ಚ್ 13ರಂದು ಡನ್‌ಬ್ಲೇನ್‌ನ ಪ್ರಾಥಮಿಕ ಶಾಲೆಗೆ ನುಗ್ಗಿ 16 ಮಕ್ಕಳನ್ನೂ ಒಬ್ಬ ಶಿಕ್ಷಕಿಯನ್ನೂ ಗುಂಡಿಟ್ಟು ಕೊಂದ. ಆ ಹತ್ಯಾಕಾಂಡಕ್ಕೆ ಸ್ಕೌಟ್ ಸಂಸ್ಥೆಯನ್ನು ಹೊಣೆ ಮಾಡುವುದು ಅನ್ಯಾಯವಾದೀತು. ಆದರೆ ಒಂದು ಸಂಸ್ಥೆ ತನ್ನ ಬಾಗಿಲನ್ನು ಮುಚ್ಚಿಕೊಂಡ ಮಾತ್ರಕ್ಕೆ ಬೇರೆಡೆಯ ಮಕ್ಕಳು ಸುರಕ್ಷಿತರಾಗುವುದಿಲ್ಲವೆಂಬ ಅರಿವು ಬ್ರಿಟನ್ನಿನಲ್ಲಿ ಬಲಗೊಳ್ಳುತ್ತ ಹೋಗಿ, ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆಯನ್ನು ಸಂಸ್ಥೆಯಲ್ಲದೆ ಸರ್ಕಾರವೇ ಪರಿಶೀಲಿಸುವ, ಅನರ್ಹರ ಪಟ್ಟಿಯನ್ನು ರಾಷ್ಟ್ರಮಟ್ಟದಲ್ಲಿ ಇಡುವ ವ್ಯವಸ್ಥೆ ರೂಪುಗೊಂಡಿತು.

ಆಸ್ಟ್ರೇಲಿಯ ಇನ್ನೂ ಮುಂದೆ ಹೋಯಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಸಂಸ್ಥೆಗಳು ಹೇಗೆ ಸ್ಪಂದಿಸಿದವೆಂಬುದನ್ನೇ ವಿಚಾರಿಸಲು ಅಲ್ಲಿ ನೇಮಕವಾದ ರಾಯಲ್ ಕಮಿಷನ್, ಅಂದರೆ ಸಾಕ್ಷಿಗಳನ್ನು ಕರೆಸುವ ಕಾನೂನುಬದ್ಧ ಅಧಿಕಾರವುಳ್ಳ ಉನ್ನತ ತನಿಖಾ ಆಯೋಗ, 2013ರಲ್ಲಿ ತನ್ನ ಮೊತ್ತಮೊದಲ ಬಹಿರಂಗ ವಿಚಾರಣೆಗೆ ಆಯ್ದುಕೊಂಡದ್ದು ಒಬ್ಬ ಸ್ಕೌಟ್ ನಾಯಕನ ಪ್ರಕರಣವನ್ನೇ. ಐದು ವರ್ಷಗಳಲ್ಲಿ ಎಂಟು ಸಾವಿರ ಮಂದಿಯ ಮಾತನ್ನು ಖಾಸಗಿಯಾಗಿ ಕೇಳಿ, 2017ರ ಡಿಸೆಂಬರ್‌ನಲ್ಲಿ 17 ಸಂಪುಟಗಳ ವರದಿ ನೀಡಿದ ಆಯೋಗ, ತನ್ನ ಮುಂದೆ ಬಂದವರು ಬಾಲ್ಯದಲ್ಲಿ ನಡೆದುದನ್ನು ಹೇಳಿಕೊಳ್ಳಲು ಸರಾಸರಿ 23.9 ವರ್ಷ ತೆಗೆದುಕೊಂಡಿದ್ದರೆಂದು ಕಂಡುಕೊಂಡಿತು. ಇಷ್ಟು ಕಾಲ ಹೇಳದೆ ಸುಮ್ಮನಿದ್ದುದೇಕೆಂದು ಸಂತ್ರಸ್ತರನ್ನು ಹಂಗಿಸುವವರು ಈ ಒಂದು ಅಂಕಿಯನ್ನು ಗಮನಿಸಿದರೆ ಸಾಕು. ದೂರು ತಡವಾಗಿ ಬಂದುದು ಅದು ಸುಳ್ಳೆಂಬುದಕ್ಕೆ ಪುರಾವೆಯಲ್ಲ. ಮಗುವಾಗಿದ್ದಾಗ ಭಯವಿಲ್ಲದೆ ಹೇಳಿಕೊಳ್ಳಬಹುದಾದ ಕಿವಿಯೊಂದು ಸಿಕ್ಕಿರಲಿಲ್ಲವೆಂಬುದಕ್ಕೆ ಪುರಾವೆ.

ಅಮೆರಿಕದಲ್ಲಿಯೂ ಹಳೆಯ ದಾವೆಗಳಿಗೆ ಅಡ್ಡಿಯಾಗಿದ್ದ ಕಾಲಮಿತಿಯನ್ನು ನ್ಯೂಯಾರ್ಕ್ ಮೊದಲಾದ ರಾಜ್ಯಗಳು 2019ರಲ್ಲಿ ಸಡಿಲಿಸಿದವು. ಅದೇ ವರ್ಷ, ಬಾಯ್ ಸ್ಕೌಟ್ಸ್ ಸಂಸ್ಥೆಯೇ ನೇಮಿಸಿಕೊಂಡಿದ್ದ ತಜ್ಞೆಯೊಬ್ಬರು 1944ರಿಂದ 2016ರವರೆಗಿನ ಕಡತಗಳಲ್ಲಿ 7,819 ಆರೋಪಿತರನ್ನೂ 12,254 ಸಂತ್ರಸ್ತರನ್ನೂ ಎಣಿಸಿದ್ದಾಗಿ ನ್ಯಾಯಾಲಯದಲ್ಲಿ ಹೇಳಿದ್ದು ಬೆಳಕಿಗೆ ಬಂತು. 2020ರ ಫೆಬ್ರುವರಿಯಲ್ಲಿ ಸಂಸ್ಥೆ ದಿವಾಳಿ ಕಾನೂನಿನ ರಕ್ಷಣೆಗೆ ಮೊರೆಹೋದಾಗ ಪರಿಹಾರ ಕೋರಿ ಬಂದ ಅರ್ಜಿಗಳು 82,000 ಮೀರಿದವು. ಅರ್ಜಿಗಳೆಲ್ಲ ವಿಚಾರಣೆಯಲ್ಲಿ ಸಾಬೀತಾದವುಗಳಲ್ಲವೆಂಬುದು ನಿಜ. ಆದರೂ ಕಡತಗಳಲ್ಲಿ ದಾಖಲಾದುದು ನಡೆದುದರ ಒಂದು ಪಾಲು ಮಾತ್ರವಿರಬೇಕೆಂಬುದನ್ನು ಆ ಸಂತ್ರಸ್ತರ ಸಂಖ್ಯೆಗೂ ಈ ಅರ್ಜಿಗಳ ಸಂಖ್ಯೆಗೂ ಇರುವ ಅಂತರವೇ ಸೂಚಿಸುತ್ತದೆ. 246 ಕೋಟಿ ಡಾಲರುಗಳ ಪರಿಹಾರ ಯೋಜನೆ 2023ರಲ್ಲಿ ಜಾರಿಗೆ ಬಂತು. 2025ರಲ್ಲಿ ಸಂಸ್ಥೆ ಸ್ಕೌಟಿಂಗ್ ಅಮೆರಿಕ ಎಂದು ಹೆಸರನ್ನೂ ಬದಲಿಸಿಕೊಂಡಿತು.

ಇಷ್ಟು ದುಬಾರಿಯಾಗಿ ಕಲಿತ ಪಾಠದ ಸಾರ ಮಾತ್ರ ಸರಳವಾಗಿದೆ. ಯಾವ ವಯಸ್ಕನೂ ಯಾವ ಮಗುವಿನೊಂದಿಗೂ ಇತರರ ಕಣ್ಣಿಗೆ ಬೀಳದಂತೆ ಒಂಟಿಯಾಗಿ ಇರಕೂಡದು, ಪ್ರತಿ ಚಟುವಟಿಕೆಯಲ್ಲಿ ಕನಿಷ್ಠ ಇಬ್ಬರು ಹಿರಿಯರಿರಬೇಕು ಎಂಬ ನಿಯಮ ಈಗ ಸ್ಕೌಟ್ ಚಳವಳಿಯಲ್ಲಿ ಸಾಮಾನ್ಯವಾಗಿದ್ದು, ಪ್ರಾಮಾಣಿಕ ಸ್ವಯಂಸೇವಕನಿಗೂ ಅದರಿಂದ ರಕ್ಷಣೆಯೇ. ದೂರು ಬಂದಾಗ ಅದನ್ನು ಮಗು ಹೇಳಿದ ಮಾತುಗಳಲ್ಲೇ ಬರೆದುಕೊಳ್ಳಬೇಕು. ಯಾರಿಗೂ ಹೇಳುವುದಿಲ್ಲವೆಂದು ಮಗುವಿಗೆ ಮಾತು ಕೊಡಬಾರದು. ಆರೋಪಿತನನ್ನು ಕರೆದು ಕೇಳಿ ಸಾಕ್ಷ್ಯ ನಾಶಕ್ಕೆ ಅವಕಾಶ ಮಾಡಿಕೊಡಬಾರದು. ತನಿಖೆಯನ್ನು ತಾನು ನಡೆಸದೆ ಪೊಲೀಸರಿಗೆ ತಿಳಿಸಿ, ವಿಚಾರಣೆ ಮುಗಿಯುವವರೆಗೆ ಆ ವ್ಯಕ್ತಿಯನ್ನು ಮಕ್ಕಳಿಂದ ದೂರವಿಡಬೇಕು. ಹೀಗೆ ದೂರವಿಡುವುದು ಅವನನ್ನು ಅಪರಾಧಿಯೆಂದು ಘೋಷಿಸಿದಂತಲ್ಲ. ಸಂಬಳದ ನೌಕರನ ಅಮಾನತಿನಲ್ಲಿ ಜೀವನೋಪಾಯದ ಪ್ರಶ್ನೆ ಇರುತ್ತದೆ, ಸ್ವಯಂಸೇವಕನ ವಿಷಯದಲ್ಲಿ ಅದೂ ಇಲ್ಲ. ಹಾಗಾಗಿ ಆರೋಪಿತನಿಗೆ ಅನ್ಯಾಯವಾದೀತೆಂಬ ಹೆಸರಿನಲ್ಲಿ ಕ್ರಮವನ್ನು ಮುಂದೂಡುವ ವಾದ ಇಲ್ಲಿ ಬಹಳ ದುರ್ಬಲವಾದುದು.

ಕರ್ನಾಟಕದ ಶಾಲೆಗಳಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ದಳಗಳೂ ಊರೂರುಗಳಲ್ಲಿ ಬೇಸಿಗೆ ಶಿಬಿರಗಳೂ ಕ್ರೀಡಾ ತರಬೇತಿಗಳೂ ನಡೆಯುತ್ತಿರುವುದರಿಂದ ಇದು ಪರದೇಶದ ಸಂಗತಿಯಾಗಿ ಉಳಿಯುವುದಿಲ್ಲ. 2012ರ ಪೋಕ್ಸೊ ಕಾಯ್ದೆ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಇಂಥ ಅಪರಾಧ ನಡೆದಿದೆಯೆಂದು ತಿಳಿದ, ನಡೆಯಬಹುದೆಂದು ಶಂಕಿಸಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ. ತನ್ನ ಅಧೀನದವನ ಕೃತ್ಯವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ 21ನೆಯ ಕಲಮು ಒಂದು ವರ್ಷದವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಸಂಸ್ಥೆಯೊಳಗೆ ಸಮಿತಿ ಮಾಡಿ ವಿಚಾರಿಸಿ ನೋಡೋಣ, ಆಮೇಲೆ ಬೇಕಾದರೆ ಠಾಣೆಗೆ ಹೋಗೋಣ ಎಂದು ದಿನ ತಳ್ಳುವ ಹಿರಿಯರು ತಾವೇ ಕಾನೂನನ್ನು ಉಲ್ಲಂಘಿಸುತ್ತಿದ್ದಾರೆಂಬ ತಿಳಿವಳಿಕೆ ಇನ್ನೂ ಎಲ್ಲೆಡೆ ಹರಡಿಲ್ಲ. ಹೇಳಲು ಸಂಕೋಚವಿದ್ದವರು 1098 ಮಕ್ಕಳ ಸಹಾಯವಾಣಿಯನ್ನು ಸಂಪರ್ಕಿಸಬಹುದೆಂಬುದೂ ಶಿಬಿರದ ಸೂಚನಾ ಫಲಕದಲ್ಲಿ ಇರಬೇಕಾದ ಮಾಹಿತಿ.

ಆದರೆ ಕಾನೂನಿನಲ್ಲೇ ಒಂದು ಸಡಿಲು ಉಳಿದುಕೊಂಡಿದೆ. ಮಕ್ಕಳ ಸಂಪರ್ಕಕ್ಕೆ ಬರುವ ಸಂಸ್ಥೆಗಳು ತಮ್ಮವರ ಹಿನ್ನೆಲೆಯನ್ನು ಪೊಲೀಸರ ಮೂಲಕ ನಿಯತಕಾಲಿಕವಾಗಿ ಪರಿಶೀಲಿಸಬೇಕೆಂದು ಹೇಳುವ 2020ರ ಪೋಕ್ಸೊ ನಿಯಮಗಳು ಕಾಯಂ ಸಿಬ್ಬಂದಿ, ಗುತ್ತಿಗೆ ಸಿಬ್ಬಂದಿ, ಇತರ ನೌಕರರು ಎಂದು ಪಟ್ಟಿ ಮಾಡುತ್ತವೆಯೇ ಹೊರತು ಸಂಬಳವಿಲ್ಲದೆ ಬರುವ ಸ್ವಯಂಸೇವಕನನ್ನು ಹೆಸರಿಸುವುದಿಲ್ಲ. ಮಕ್ಕಳ ಜೊತೆ ರಾತ್ರಿ ಕಳೆಯುವ ಶಿಬಿರಗಳಲ್ಲಿ ಹೆಚ್ಚಿನವರು ಅವರೇ ಆಗಿರುವಾಗ, ರಾಜ್ಯ ಸರ್ಕಾರ ತನ್ನ ಮಕ್ಕಳ ರಕ್ಷಣಾ ನೀತಿಯಲ್ಲಾದರೂ ಅವರನ್ನು ಸ್ಪಷ್ಟವಾಗಿ ಸೇರಿಸಬೇಕು. ಅಲ್ಲಿಯವರೆಗೆ, ಬರುವ ಬೇಸಿಗೆಗೆ ಶಿಬಿರ ನಡೆಸಲಿರುವ ಸಂಘಟಕರು ಯಾರ ಆದೇಶಕ್ಕೂ ಕಾಯದೆ ಈ ಪರಿಶೀಲನೆಯನ್ನು ತಾವಾಗಿ ಮಾಡಿಸಬಹುದು, ಮಾಡಿಸಿದ್ದೀರಾ ಎಂದು ಪಾಲಕರು ನೋಂದಣಿಗೆ ಮೊದಲೇ ಕೇಳಬಹುದು.