ನುಣುಪಿನ ಹಟಕ್ಕೆ ಬಿರಿವ ಗೋಡೆ

ಕಾಂಪೌಂಡೋ ಬಚ್ಚಲುಮನೆಯೋ, ಇಷ್ಟಕ್ಕೆಲ್ಲ ಮೇಸ್ತ್ರಿ ಯಾಕೆ ಎಂದು ತಾವೇ ಕರಣೆ ಹಿಡಿಯುವವರಿದ್ದಾರೆ. ತಪ್ಪೇನಿಲ್ಲ, ಕೂಲಿ ಉಳಿಯುತ್ತದೆ. ಆದರೆ ವಾರ ಕಳೆಯುವಷ್ಟರಲ್ಲಿ ಗೋಡೆಯ ಮೈತುಂಬ ಜೇಡರ ಬಲೆಯಂತೆ ಕೂದಲೆಳೆ ಬಿರುಕು ಮೂಡುತ್ತದೆ. ಕೂಡಲೇ ಅಂಗಡಿಯಿಂದ ಪುಟ್ಟಿ ಬರುತ್ತದೆ. ಅಡಿಯ ಗಾರೆಯೇ ಸಡಿಲವಾಗಿದ್ದರೆ ಆ ಪುಟ್ಟಿಯೂ ಹಕ್ಕಳೆ ಎದ್ದು ಉದುರುವುದು ಖಂಡಿತ.

ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಕಡೆ ಮೊದಲು ಗಮನಿಸಬೇಕಾದದ್ದು ಬಿಸಿಲನ್ನು. ಈ ಬಯಲುಸೀಮೆಯಲ್ಲಿ ಮಾರ್ಚ್‌ನಿಂದ ಮೇವರೆಗೆ ಇಟ್ಟಿಗೆಯೂ ಸಿಮೆಂಟ್ ಬ್ಲಾಕೂ ಕಾದು ಬಾಯಾರಿರುತ್ತವೆ. ಒಣಗೋಡೆಗೆ ಮೆತ್ತಿದ ಗಾರೆಯ ನೀರನ್ನು ಹಿಂದಿನಿಂದ ಗೋಡೆ ಕುಡಿಯುತ್ತದೆ, ಮುಂದಿನಿಂದ ಬಿಸಿಗಾಳಿ ಎಳೆಯುತ್ತದೆ. ಸಿಮೆಂಟು ಗಟ್ಟಿಯಾಗುವುದೇ ನೀರಿನ ಜೊತೆ ನಡೆಸುವ ರಾಸಾಯನಿಕ ಕ್ರಿಯೆಯಿಂದ. ನೀರು ಮುಗಿದರೆ ಅದೂ ನಿಂತಂತೆ. ಉಗುರಲ್ಲಿ ಕೆರೆದರೆ ಮರಳುದುರುವ ಗೋಡೆಗಳ ಕಥೆ ಬಹುಪಾಲು ಇದೇ. ಹಿಂದಿನ ದಿನವೇ ಗೋಡೆ ನೆನೆಸಿ, ಮೇಲಿನ ಪಸೆ ಆರಿದ ಮೇಲೆ ಗಾರೆ ಹಚ್ಚಬೇಕು. ಆಮೇಲೆ ಕನಿಷ್ಠ 7 ದಿನ ತೇವ ಆರಲು ಬಿಡಬಾರದು.

ಬಲೆಬಿರುಕಿಗೆ ಮಾತ್ರ ಬಿಸಿಲಿಗಿಂತ ದೊಡ್ಡ ಅಪರಾಧಿ ನಮ್ಮ ನುಣುಪಿನ ಹಟ. ಗಾರೆ ಇನ್ನೂ ಹಸಿಯಾಗಿದೆ, ಕರಣೆ ಆಡಿಸಿದರೆ ನೀರು ಮೇಲೆ ತೇಲುತ್ತದೆ. ಕಾಯುವ ತಾಳ್ಮೆ ಇಲ್ಲ. ಒಂದು ಹಿಡಿ ಒಣ ಸಿಮೆಂಟನ್ನು ಗೋಡೆಗೆ ಎರಚಿ ಉಕ್ಕಿನ ಕರಣೆಯಲ್ಲಿ ಉಜ್ಜಿದರೆ ನೀರು ಹೀರಿ ಫಳಫಳ ಹೊಳೆಯುತ್ತದೆ. ನೋಡಿದವರು ಶಹಭಾಸ್ ಅನ್ನುತ್ತಾರೆ. ಆದರೆ ಮೇಲೆ ಬರೀ ಸಿಮೆಂಟಿನ ತೆಳು ಪೊರೆ, ಕೆಳಗೆ 1:6ರ ಮರಳು ಗಾರೆ. ಒಣಗುವಾಗ ಪೊರೆ ಹೆಚ್ಚು ಕುಗ್ಗಿ ಬಿರಿಯುತ್ತದೆ. ಪಳಗಿದ ಕೈಗಳೂ ಈ ಅಡ್ಡದಾರಿ ಹಿಡಿಯುವುದುಂಟು ಬಿಡಿ. ಅದರ ಬದಲು ಸ್ವಲ್ಪ ಕಾದು ಹೆಬ್ಬೆರಳು ಒತ್ತಿ ನೋಡಿ: ಗುರುತು ಮೂಡಬೇಕು, ಗಾರೆ ಬೆರಳಿಗೆ ಅಂಟಬಾರದು. ಆಗ ಮರದ ಹಲಗೆಯಲ್ಲಿ ಸುತ್ತಿಸುತ್ತಿ ಉಜ್ಜಿ ನಿಲ್ಲಿಸಿ.

ಇನ್ನು ಮರಳು. ಅಲೀಪುರವಿರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಉತ್ತರ ಪಿನಾಕಿನಿಯ ಮರಳೂ ಸುಲಭಕ್ಕೆ ದಕ್ಕುವಂಥದ್ದಲ್ಲ. ಆ ಕೊರತೆಯಲ್ಲೇ ಮಣ್ಣು ತೊಳೆದು ಮಾಡುವ ಫಿಲ್ಟರ್ ಮರಳಿನ ದಂಧೆ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆದದ್ದು. ಆ ಮರಳಲ್ಲಿ ಉಳಿದ ಜೇಡಿ ಗಾರೆಯನ್ನು ಕುಗ್ಗಿಸಿ ಬಿರಿಯಿಸುತ್ತದೆ. ಗಾಜಿನ ಲೋಟದಲ್ಲಿ ಮರಳು ಹಾಕಿ, ಉಪ್ಪುನೀರು ಸುರಿದು, ಕುಲುಕಿ 3 ಗಂಟೆ ಬಿಡಿ. ಮೇಲೆ ಕೂತ ಮಣ್ಣಿನ ಪದರ ಮರಳಿನ ಎತ್ತರದ ನೂರಕ್ಕೆ 8 ಪಾಲು ಮೀರಿದರೆ ಆ ಲೋಡು ಬೇಡ. ಕಲ್ಲು ಪುಡಿಮಾಡಿದ ಮರಳು ಕೊಳ್ಳುವುದಾದರೆ, ಎಂ-ಸ್ಯಾಂಡ್ ಕಾಂಕ್ರೀಟಿನದು, ದಪ್ಪ. ಗಾರೆಗೆ ಪಿ-ಸ್ಯಾಂಡನ್ನೇ ಕೇಳಿ ತನ್ನಿ.

ಕೊಳವೆಬಾವಿಯ ಸವುಳು ನೀರು ಬಳಸಿದ ಗೋಡೆಗೆ ಬಿಳಿ ಉಪ್ಪು ಬರಬಹುದು. ಅದನ್ನು ತೊಳೆಯಲು ಹೋಗಬೇಡಿ, ಕರಗಿ ಮತ್ತೆ ಒಳಗಿಳಿಯುತ್ತದೆ. ಒಣ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ.

ಈಗಾಗಲೇ ಬಿರಿದ ಗೋಡೆಯನ್ನು ನಾಣ್ಯದಿಂದ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಗಾರೆ ಗೋಡೆಯನ್ನು ಬಿಟ್ಟಿದೆ ಎಂದರ್ಥ. ಅಷ್ಟನ್ನು ಚೌಕವಾಗಿ ಕೊರೆದು ತೆಗೆದು, ನೆನೆಸಿ, ಹೊಸದಾಗಿ ಮೆತ್ತಬೇಕು. ಕಾಂಕ್ರೀಟ್ ಕಂಬವಾದರೆ ಉಳಿಯಲ್ಲಿ ಕಚ್ಚು ಹಾಕಿ, ಕಂಬಕ್ಕೂ ಇಟ್ಟಿಗೆಗೂ ಸೇರುವ ಕಡೆ ಕೋಳಿಬಲೆ ಬಡಿಯಿರಿ. ಸದ್ದು ಗಟ್ಟಿಯಾಗಿದ್ದು ಬಿರುಕು ಬರೀ ಮೇಲ್ಮೈಯದಾದರೆ ಒಂದು ತಿಂಗಳು ಸುಮ್ಮನೆ ಬಿಡಿ. ಪುಟ್ಟಿಗೆ ಆಮೇಲೆ ದುಡ್ಡು ಕೊಡಿ.