ಪಂದ್ಯದಲ್ಲಿ ತೊಟ್ಟ ಅಂಗಿ: ಆನ್‌ಲೈನ್ ಮಾರಾಟದಲ್ಲಿ ಅಸಲಿತನದ ರುಜುವಾತು

ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳ ಕೆಲಸವನ್ನು ಕಂಡವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹೊಲಿಗೆ ಮುಗಿಸಿ ಬಂದ ಬಿರುಸಾದ ಹೊಸ ಪ್ಯಾಂಟು ಕೆಲವೇ ಗಂಟೆಗಳಲ್ಲಿ ನಾಲ್ಕಾರು ವರ್ಷ ತೊಟ್ಟು ಸವೆಸಿದಂತೆ ಕಾಣಬಲ್ಲದು. ಪ್ಯೂಮಿಸ್ ಕಲ್ಲು ಬಣ್ಣ ಕಳೆಯುತ್ತದೆ, ಎಂಜೈಮ್ ಬಟ್ಟೆಯನ್ನು ಮೆತ್ತಗಾಗಿಸುತ್ತದೆ, ಸ್ಯಾಂಡ್ ಪೇಪರ್ ತೊಡೆಯ ಭಾಗವನ್ನು ಮಾಸಿಸುತ್ತದೆ. ಇದರಲ್ಲಿ ಮೋಸವಿಲ್ಲ. ಕೊಳ್ಳುವವನಿಗೆ ಅದು ಹೊಸ ಪ್ಯಾಂಟೆಂದು ತಿಳಿದಿರುತ್ತದೆ. ಆದರೆ ಇದೇ ಕೈಚಳಕ ಕ್ರಿಕೆಟ್ ಜೆರ್ಸಿಯೊಂದರ ಮೇಲೆ ನಡೆದು, ಅದಕ್ಕೆ ‘ಪಂದ್ಯದಲ್ಲಿ ಆಟಗಾರನು ತೊಟ್ಟದ್ದು’ ಎಂಬ ಚೀಟಿ ಅಂಟಿದರೆ ಅದು ವಂಚನೆಯಾಗುತ್ತದೆ. ಸವೆತವು ಸಾಕ್ಷಿಯಲ್ಲ ಎಂಬುದನ್ನು ಬಳ್ಳಾರಿ ಸೀಮೆಯ ವರ್ತಕರಿಗಿಂತ ಚೆನ್ನಾಗಿ ಬಲ್ಲವರು ವಿರಳ.

ಆಟಗಾರರು ಬಳಸಿದ ಬ್ಯಾಟು, ಚೆಂಡು, ಜೆರ್ಸಿ, ಕೈಗವಸುಗಳ ಮಾರಾಟವು ಭಾರತದಲ್ಲಿಯೂ ಈಗ ಗಮನಾರ್ಹ ಮೊತ್ತಗಳನ್ನು ಮುಟ್ಟಿದೆ. ಕರ್ನಾಟಕದ ಕೆ.ಎಲ್. ರಾಹುಲ್ ಅವರು 2020ರಲ್ಲಿ ಮಕ್ಕಳ ನೆರವಿಗಾಗಿ ತಮ್ಮ ಕ್ರೀಡಾ ಸಾಮಗ್ರಿಗಳನ್ನು ಆನ್‌ಲೈನ್ ಹರಾಜಿಗಿಟ್ಟರು. 2019ರ ವಿಶ್ವಕಪ್‌ನಲ್ಲಿ ಅವರು ಬಳಸಿದ ಬ್ಯಾಟಿಗೆ ರೂ. 2,64,228 ಬಂದಿತು. 2024ರ ಆಗಸ್ಟ್‌ನಲ್ಲಿ ರಾಹುಲ್ ಮತ್ತು ಅವರ ಪತ್ನಿ ಅಥಿಯಾ ಶೆಟ್ಟಿ ಏರ್ಪಡಿಸಿದ ಸಹಾಯಾರ್ಥ ಹರಾಜಿನಲ್ಲಿ ವಿರಾಟ್ ಕೊಹ್ಲಿ ಅವರ ಜೆರ್ಸಿ ರೂ. 40 ಲಕ್ಷಕ್ಕೂ, ರಾಹುಲ್ ದ್ರಾವಿಡ್ ಅವರ ಬ್ಯಾಟು ರೂ. 11 ಲಕ್ಷಕ್ಕೂ ಹೋದವು. ಒಟ್ಟು ಸಂಗ್ರಹ ರೂ. 1.93 ಕೋಟಿ. ಅಂಗಡಿಯಲ್ಲಿ ದೊರೆಯುವ ಅದೇ ಬಗೆಯ ಜೆರ್ಸಿಗೆ ಕೆಲವು ಸಾವಿರ ರೂಪಾಯಿ ಮಾತ್ರ. ಈ ಅಂತರವು ಬಟ್ಟೆಯ ಬೆಲೆಯಲ್ಲ, ನಂಬಿಕೆಯ ಬೆಲೆ. ಮೇಲಿನ ಹರಾಜುಗಳಲ್ಲಿ ಆ ನಂಬಿಕೆಗೆ ಆಧಾರ ಸರಳವಾಗಿತ್ತು: ಹರಾಜಿನ ಹಿಂದೆ ನಿಂತು ಬಹಿರಂಗವಾಗಿ ಸಾರಿದವರು ಸ್ವತಃ ಆಟಗಾರರೇ. ಮೂರನೆಯ, ನಾಲ್ಕನೆಯ ಕೈಯಿಂದ ವಸ್ತುವನ್ನು ಪಡೆದ ವರ್ತಕನಿಗೆ ಆ ಅನುಕೂಲವಿಲ್ಲ. ಅವನು ಅದನ್ನು ದಾಖಲೆಗಳಿಂದಲೇ ಗಳಿಸಬೇಕು.

ತೆಕ್ಕಲಕೋಟೆಯ ಬೆಟ್ಟ ಕಲಿಸುವ ಪಾಠ

ವಸ್ತುವಿನ ಬೆಲೆ ಅದರ ದಾಖಲೆಯಲ್ಲಿದೆ ಎಂಬ ಮಾತಿಗೆ ನಿದರ್ಶನ ಹುಡುಕಲು ದೂರ ಹೋಗಬೇಕಿಲ್ಲ. 1960ರ ದಶಕದಲ್ಲಿ ಡಾ. ಎಂ.ಎಸ್. ನಾಗರಾಜರಾಯರು ತೆಕ್ಕಲಕೋಟೆಯ ಬೆಟ್ಟಗಳಲ್ಲಿ ನವಶಿಲಾಯುಗದ ನೆಲೆಯನ್ನು ಉತ್ಖನನ ಮಾಡಿದರು. ಅದರ ವರದಿಯನ್ನು ಪುಣೆಯ ಡೆಕ್ಕನ್ ಕಾಲೇಜು 1965ರಲ್ಲಿ ಪ್ರಕಟಿಸಿತು. ಉತ್ಖನನದಲ್ಲಿ ದೊರೆತ ಪ್ರತಿಯೊಂದು ಕಲ್ಲುಕೊಡಲಿ, ಮಡಕೆಯ ಚೂರು ಯಾವ ಗುಂಡಿಯ ಯಾವ ಪದರದಿಂದ, ಎಷ್ಟು ಆಳದಿಂದ ಬಂದಿತೆಂಬುದನ್ನು ಆ ಹೊತ್ತಿಗೇ ಬರೆದಿಡುವುದು ಪುರಾತತ್ತ್ವದ ಕ್ರಮ. ಅದೇ ಬೆಟ್ಟದ ಬುಡದಲ್ಲಿ ದನಗಾಹಿಯೊಬ್ಬ ಅಷ್ಟೇ ಚೆಂದದ ಕೊಡಲಿಯನ್ನು ಹೆಕ್ಕಿ ತಂದರೆ, ಅದು ಅಸಲಿಯೇ ಆಗಿದ್ದರೂ ಸಂಶೋಧಕನಿಗೆ ಹೇಳುವುದು ಅತ್ಯಲ್ಪ. ಮೊದಲನೆಯದಕ್ಕೆ ಪದರದ ಸಾಕ್ಷಿಯಿದೆ, ಎರಡನೆಯದಕ್ಕೆ ಇಲ್ಲ. ಕ್ರೀಡಾ ಸ್ಮರಣಿಕೆಗೂ ಇದೇ ನಿಯಮ. ಯಾವ ಪಂದ್ಯ, ಯಾವ ದಿನ, ಯಾರ ಕೈಯಿಂದ ಯಾರ ಕೈಗೆ ಎಂಬ ಬರಹವೇ ಅದರ ಪದರ. ಅದು ಕಳೆದುಹೋದ ಬಳಿಕ ಮತ್ತೆ ಸೃಷ್ಟಿಸಲಾಗದು. ಸೃಷ್ಟಿಸಿದರೆ ಅದು ಸುಳ್ಳು ದಾಖಲೆಯಾಗುತ್ತದೆ.

ವಿವರಣೆಯ ಪದಗಳು

ಅಸಲಿತನದ ಬಹುಪಾಲು ವ್ಯಾಜ್ಯಗಳಿಗೆ ಮೂಲ ಪದಗಳ ಅಜಾಗರೂಕ ಬಳಕೆ. ಆಟಗಾರನ ಹೆಸರಿರುವ ಜೆರ್ಸಿಗಳಲ್ಲಿ ಕನಿಷ್ಠ ನಾಲ್ಕು ಬಗೆಗಳಿವೆ. ಮೊದಲನೆಯದು, ನಿರ್ದಿಷ್ಟ ಪಂದ್ಯದಲ್ಲಿ ಆಟಗಾರನು ತೊಟ್ಟು ಆಡಿದ್ದು. ಎರಡನೆಯದು, ಪಂದ್ಯಕ್ಕಾಗಿ ತಂಡವು ಅವನಿಗೆ ನೀಡಿದ್ದು, ಆದರೆ ತೊಟ್ಟ ಬಗ್ಗೆ ಪುರಾವೆಯಿಲ್ಲದ್ದು. ಮೂರನೆಯದು, ಅಂಗಡಿಯಲ್ಲಿ ಕೊಂಡು ಆಟಗಾರನಿಂದ ಸಹಿ ಹಾಕಿಸಿಕೊಂಡದ್ದು. ನಾಲ್ಕನೆಯದು, ಅಭಿಮಾನಿಗಳಿಗೆಂದೇ ತಯಾರಾದ ಪ್ರತಿಕೃತಿ. ಇವುಗಳಲ್ಲಿ ಪ್ರತಿಯೊಂದಕ್ಕೂ ನ್ಯಾಯವಾದ ಬೆಲೆಯಿದೆ, ಪ್ರತಿಯೊಂದನ್ನೂ ಮಾರಬಹುದು. ಎರಡನೆಯದನ್ನು ಮೊದಲನೆಯದೆಂದು ಮಾರುವಲ್ಲಿ ತೊಡಕು ಹುಟ್ಟುತ್ತದೆ. ಸಹಿ ಅಸಲಿಯೆಂದ ಮಾತ್ರಕ್ಕೆ ಅಂಗಿ ಪಂದ್ಯದ್ದಾಗುವುದಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿಯೇ ಸಾಬೀತುಪಡಿಸಬೇಕು.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ತರಬೇತಿ ಪಡೆದವರಲ್ಲಿ ನೀರಜ್ ಚೋಪ್ರಾ ಒಬ್ಬರು. ಟೋಕಿಯೊ ಒಲಿಂಪಿಕ್ಸ್‌ನ ಚಿನ್ನದ ಬಳಿಕ ಅವರು ಸಹಿ ಮಾಡಿ ಪ್ರಧಾನಿಯವರಿಗೆ ಕಾಣಿಕೆಯಾಗಿ ನೀಡಿದ ಜಾವೆಲಿನ್, 2021ರ ಸೆಪ್ಟೆಂಬರ್–ಅಕ್ಟೋಬರ್‌ನ ಇ-ಹರಾಜಿನಲ್ಲಿ ರೂ. 1.5 ಕೋಟಿಗೆ ಹೋಯಿತು. 2022ರ ಆಗಸ್ಟ್‌ನಲ್ಲಿ ಅವರು ಟೋಕಿಯೊದ ಜಾವೆಲಿನ್ ಒಂದನ್ನು ಲೊಸಾನ್ ನಗರದ ಒಲಿಂಪಿಕ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಒಬ್ಬ ಕ್ರೀಡಾಪಟುವಿನ ಬಳಿ ಒಂದಕ್ಕಿಂತ ಹೆಚ್ಚು ಜಾವೆಲಿನ್‌ಗಳಿರುವುದು ಸಹಜ. ‘ನೀರಜ್ ಅವರ ಜಾವೆಲಿನ್’ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ. ‘ಚಿನ್ನ ತಂದ ಆ ಎಸೆತದ ಜಾವೆಲಿನ್’ ಎಂಬುದು ಒಂದಕ್ಕೆ ಮಾತ್ರ ಸಲ್ಲಬಲ್ಲದು. ಮಾರುವವನು ತಾನು ಯಾವ ಮಾತನ್ನು ಬರೆಯುತ್ತಿದ್ದೇನೆ ಎಂಬ ಎಚ್ಚರದಲ್ಲಿರಬೇಕು.

ಸಾಕ್ಷ್ಯದ ಮೂರು ಬಗೆಗಳು

1. ಪ್ರತ್ಯಕ್ಷ ಸಾಕ್ಷಿ. ಅಮೆರಿಕದಲ್ಲಿ 1990ರ ದಶಕದಲ್ಲಿ ಕ್ರೀಡಾ ಸ್ಮರಣಿಕೆಗಳ ನಕಲಿ ದಂಧೆ ವ್ಯಾಪಕವಾಗಿ, ಅಲ್ಲಿನ ಎಫ್‌ಬಿಐ ಸಂಸ್ಥೆಯು ‘ಆಪರೇಷನ್ ಬುಲ್‌ಪೆನ್’ ಎಂಬ ತನಿಖೆ ಕೈಗೊಂಡಿತು. ಅದರ ಫಲವಾಗಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯು 2001ರಲ್ಲಿ ಹೊಸ ಪದ್ಧತಿ ತಂದಿತು. ನಿಯೋಜಿತ ಸಾಕ್ಷಿಯೊಬ್ಬನು ಪಂದ್ಯದ ಸ್ಥಳದಲ್ಲಿದ್ದು, ವಸ್ತುವು ಬಳಕೆಯಾದದ್ದನ್ನು ಕಂಡು, ಅದಕ್ಕೆ ಸಂಖ್ಯೆಯುಳ್ಳ ಹೊಲೊಗ್ರಾಮ್ ಚೀಟಿ ಅಂಟಿಸುತ್ತಾನೆ. ಕಿತ್ತರೆ ಚೀಟಿ ಹರಿಯುತ್ತದೆ. ಆ ಸಂಖ್ಯೆಯನ್ನು ಗ್ರಾಹಕನು ಅಂತರ್ಜಾಲದಲ್ಲಿ ತಾಳೆ ನೋಡಬಹುದು. ಇಲ್ಲಿ ಹೊಲೊಗ್ರಾಮ್ ಚೀಟಿ ಮುಖ್ಯವಲ್ಲ. ಅದನ್ನು ಯಾರು ಬೇಕಾದರೂ ಮುದ್ರಿಸಬಹುದು. ಚೀಟಿಯ ಹಿಂದಿರುವ ಸಾಕ್ಷಿ ಮತ್ತು ಅವನ ಪುಸ್ತಕ ಮುಖ್ಯ.

2. ಛಾಯಾಚಿತ್ರದ ತಾಳೆ. 1986ರ ಜೂನ್ 22ರಂದು ಇಂಗ್ಲೆಂಡ್ ವಿರುದ್ಧ ಎರಡು ಗೋಲು ಹೊಡೆದ ಮರಡೋನಾ ಅವರ ಅಂಗಿ, ಎದುರಾಳಿ ಆಟಗಾರ ಸ್ಟೀವ್ ಹಾಡ್ಜ್ ಅವರ ಬಳಿ ಉಳಿದು, 2022ರ ಮೇ ತಿಂಗಳಲ್ಲಿ ಸಾದಬೀಸ್ ಹರಾಜಿನಲ್ಲಿ 71 ಲಕ್ಷ ಪೌಂಡ್‌ಗೂ ಹೆಚ್ಚು ಬೆಲೆ ಪಡೆಯಿತು. ಮಾರಾಟಕ್ಕೆ ಮುನ್ನ ಮರಡೋನಾ ಅವರ ಮಗಳು, ಇದು ತಂದೆ ಮೊದಲಾರ್ಧದಲ್ಲಿ ತೊಟ್ಟದ್ದೆಂದೂ ಗೋಲುಗಳು ಬಂದ ದ್ವಿತೀಯಾರ್ಧದ್ದಲ್ಲವೆಂದೂ ಆಕ್ಷೇಪಿಸಿದರು. ಹರಾಜು ಸಂಸ್ಥೆಯು ಅಂಗಿಯ ಲಾಂಛನ, ಪಟ್ಟೆ ಮತ್ತು ಸಂಖ್ಯೆಗಳ ಸೂಕ್ಷ್ಮ ವಿವರಗಳನ್ನು ಪಂದ್ಯದ ಚಿತ್ರಗಳೊಡನೆ ಹೋಲಿಸಿದ ತಜ್ಞರ ವರದಿಯನ್ನು ಆಧಾರವಾಗಿ ಮುಂದಿಟ್ಟಿತು. ಆ ಪಂದ್ಯದ ಅಂಗಿಗಳಿಗೆ ಲಾಂಛನ ಹೊಲಿದದ್ದೂ ಸಂಖ್ಯೆ ಅಂಟಿಸಿದದ್ದೂ ಮೆಕ್ಸಿಕೊದಲ್ಲಿಯೇ, ಅವಸರದಲ್ಲಿ. ಕೈಯಲ್ಲಿ ಮಾಡಿದ ಕೆಲಸ ಎರಡು ಅಂಗಿಗಳಲ್ಲಿ ಒಂದೇ ಸಮನಾಗಿ ಕೂರದೆಂಬುದು ಯಾವ ದರ್ಜಿಗಾದರೂ ಗೊತ್ತು.

ಆದ್ದರಿಂದ ಹೋಲಿಸಬೇಕಾದದ್ದು ಒಟ್ಟಾರೆ ಸವೆತವನ್ನಲ್ಲ. ಹೊಲಿಗೆ ಸೇರುವಲ್ಲಿ ಪಟ್ಟೆ ಎಷ್ಟು ಜಾರಿದೆ, ಸಂಖ್ಯೆಯ ಅಂಚು ಯಾವ ಹೊಲಿಗೆಯನ್ನು ಮುಟ್ಟುತ್ತದೆ, ಎಳೆದುಬಂದ ದಾರ ಎಲ್ಲಿದೆ, ಬ್ಯಾಟಿನ ಮರದ ಎಳೆಗಳು ಎಷ್ಟು ಮತ್ತು ಹೇಗೆ ಹರಿದಿವೆ ಎಂಬಂತಹ, ಆ ಒಂದೇ ವಸ್ತುವಿಗೆ ಸೇರಿದ ಗುರುತುಗಳನ್ನು ಹೋಲಿಸಬೇಕು. ಹೋಲಿಕೆಗೆ ಬಳಸುವ ಚಿತ್ರವು ಸುದ್ದಿಸಂಸ್ಥೆಯಂತಹ ಸ್ವತಂತ್ರ ಮೂಲದ್ದಾಗಿರಬೇಕು. ಕಂಪ್ಯೂಟರಿನಲ್ಲಿ ಚಿತ್ರವನ್ನೇ ಹುಟ್ಟಿಸಬಹುದಾದ ಈ ಕಾಲದಲ್ಲಿ ಮಾರುವವನೇ ಒದಗಿಸಿದ ಚಿತ್ರಕ್ಕೆ ತೂಕವಿಲ್ಲ.

3. ಕೈ ಬದಲಾದ ದಾಖಲೆ. ಆಟಗಾರನು ಅಥವಾ ತಂಡವು ಮೊದಲು ಕೊಟ್ಟಾಗಿನ ಪತ್ರ, ನಂತರದ ಪ್ರತಿ ಮಾರಾಟದ ಬಿಲ್ಲು, ಹಣ ಸಂದಾಯದ ಬ್ಯಾಂಕ್ ವಿವರ ಇವೆಲ್ಲ ಕೊಂಡಿ ತಪ್ಪದೆ ಜೋಡಣೆಯಾಗಬೇಕು. ‘ಆಟಗಾರನ ಗೆಳೆಯರೊಬ್ಬರು ಕೊಟ್ಟರು’ ಎಂಬುದು ಕಥೆ. ಕೊಟ್ಟವರ ಸಹಿ, ದಿನಾಂಕ ಮತ್ತು ವಸ್ತುವಿನ ಗುರುತುಗಳಿರುವ ಪತ್ರವಿದ್ದರೆ ಅದು ದಾಖಲೆ. ಅಸಲಿತನದ ಪ್ರಮಾಣಪತ್ರವೆಂದು ಮಾರುಕಟ್ಟೆಯಲ್ಲಿ ಸಿಗುವ ಕಾಗದವು ವೋಚರ್ ಇಲ್ಲದ ಜಮಾಖರ್ಚಿನಂತೆ. ಅದನ್ನು ನೀಡಿದವನು ಏನನ್ನು ಪರೀಕ್ಷಿಸಿ ನೀಡಿದನೆಂಬುದು ಅದರಲ್ಲಿಯೇ ಬರೆದಿರಬೇಕು.

ಕಾನೂನಿನ ಹೊಣೆ

1930ರ ಸರಕು ಮಾರಾಟ ಕಾಯ್ದೆಯ 15ನೆಯ ಕಲಮಿನಂತೆ, ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಬೇಕೆಂಬುದು ಒಪ್ಪಂದದ ಅಂತರ್ಗತ ಷರತ್ತು. ಆನ್‌ಲೈನ್ ವ್ಯಾಪಾರದಲ್ಲಿ ಗ್ರಾಹಕನು ವಸ್ತುವನ್ನು ಮುಟ್ಟಿ ನೋಡಲಾರನಾದ್ದರಿಂದ, ಪರದೆಯ ಮೇಲಿನ ವಿವರಣೆಯೇ ಅವನಿಗೆ ಸರ್ವಸ್ವ. 2020ರ ಗ್ರಾಹಕ ರಕ್ಷಣಾ (ಇ-ವಾಣಿಜ್ಯ) ನಿಯಮಗಳು, ಸರಕು ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳಿಲ್ಲದಿದ್ದರೆ ಮಾರಾಟಗಾರನು ಅದನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲವೆಂದು ವಿಧಿಸಿವೆ. ‘ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಅಂಗಡಿಯ ಫಲಕ ಇಲ್ಲಿ ನೆರವಿಗೆ ಬಾರದು. ತಿಳಿದೂ ಸುಳ್ಳು ಹೇಳಿ ಮಾರಿದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಡಿ ವಂಚನೆಯ ಮೊಕದ್ದಮೆಗೂ ಅವಕಾಶವಿದೆ.

ಹೊಲಿಗೆ ಘಟಕಗಳು ಇನ್ನೊಂದು ವಿಷಯವನ್ನು ಗಮನಿಸಬೇಕು. ನ್ಯಾಯವಾಗಿ ಕೊಂಡ ಅಸಲಿ ಜೆರ್ಸಿಯನ್ನು ಮರುಮಾರಾಟ ಮಾಡುವುದಕ್ಕೆ 1999ರ ವಾಣಿಜ್ಯ ಚಿಹ್ನೆಗಳ ಕಾಯ್ದೆ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಆದರೆ ಅನುಮತಿಯಿಲ್ಲದೆ ತಂಡದ ನೋಂದಾಯಿತ ಲಾಂಛನವನ್ನು ಹೊಸ ಬಟ್ಟೆಯ ಮೇಲೆ ಮುದ್ರಿಸುವುದು ಅಪರಾಧ. ಅದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಬಹುದು. ಅಂತಹ ಆದೇಶ ಬಂದಾಗ ಲಿಖಿತ ಪರವಾನಗಿಯ ಪ್ರತಿಯನ್ನು ಮೊದಲು ಕೇಳುವುದು ಕ್ಷೇಮ.

ಒಂದು ಕಡತ, ಎರಡು ಪ್ರಯೋಜನ

ವರ್ತಕನು ಕೊಂಡ ಪ್ರತಿ ವಸ್ತುವಿಗೂ ಪ್ರತ್ಯೇಕ ಕಡತ ತೆರೆಯುವುದು ಉತ್ತಮ. ಕೊಟ್ಟವರ ಹೆಸರು, ವಿಳಾಸ ಮತ್ತು ಸಹಿಯುಳ್ಳ ಖರೀದಿ ಪತ್ರ, ಪಂದ್ಯದ ವಿವರ, ವಸ್ತುವಿನ ಎಲ್ಲ ಬದಿಗಳ ಛಾಯಾಚಿತ್ರ, ಗುರುತುಗಳ ಪಟ್ಟಿ ಮತ್ತು ದಾಸ್ತಾನು ಸಂಖ್ಯೆ ಅದರಲ್ಲಿರಬೇಕು. ಛಾಯಾಚಿತ್ರಗಳ ಮೂಲ ಕಡತವನ್ನೇ ಉಳಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದ ಪ್ರತಿಯಲ್ಲಿ ಸ್ಪಷ್ಟತೆಯೂ ತೆಗೆದ ದಿನಾಂಕದ ವಿವರವೂ ನಷ್ಟವಾಗುತ್ತವೆ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರ ಬೇಕಾಗುವುದರಿಂದ, ಚಿತ್ರ ತೆಗೆದ ಸಾಧನ ಯಾವುದೆಂಬುದನ್ನೂ ಬರೆದಿಡಬೇಕು. ಅಂಗಿಯನ್ನು ಒಗೆಯಬಾರದು, ಇಸ್ತ್ರಿ ಮಾಡಬಾರದು. ಮಣ್ಣು ಮತ್ತು ಬೆವರಿನ ಕಲೆಗಳೂ ಸಾಕ್ಷ್ಯದ ಭಾಗವೇ.

ಇದೇ ಕಡತ ತೆರಿಗೆಗೂ ಬೇಕು. ಬಳಸಿದ ಸರಕುಗಳ ವ್ಯಾಪಾರಿಗೆ ಕೇಂದ್ರ ಜಿಎಸ್‌ಟಿ ನಿಯಮ 32(5) ಒಂದು ಅನುಕೂಲ ನೀಡಿದೆ. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದು, ಸರಕಿನ ಸ್ವರೂಪವನ್ನು ಬದಲಿಸದೆ ಮಾರಿದರೆ, ಮಾರಾಟ ಬೆಲೆ ಮತ್ತು ಖರೀದಿ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ. ಉದಾಹರಣೆಗೆ ರೂ. 60,000ಕ್ಕೆ ಕೊಂಡ ಬ್ಯಾಟನ್ನು ರೂ. 75,000ಕ್ಕೆ ಮಾರಿದರೆ ತೆರಿಗೆಯ ಮೌಲ್ಯ ರೂ. 15,000. ಖರೀದಿ ಪತ್ರವೇ ಇಲ್ಲದಿದ್ದರೆ ಈ ಅಂತರವನ್ನು ತೋರಿಸುವ ಬಗೆಯಿಲ್ಲ. ಆನ್‌ಲೈನ್ ಮಾರುಕಟ್ಟೆ ಸಂಸ್ಥೆಗಳು ಮೂಲದಲ್ಲಿ ಸಂಗ್ರಹಿಸುವ ಜಿಎಸ್‌ಟಿಯ ದರವು 2024ರ ಜುಲೈ 10ರಿಂದ ಶೇ. 0.5ಕ್ಕೆ ಇಳಿದಿದೆ. ಅದನ್ನು ತಿಂಗಳು ತಿಂಗಳೂ ತಾಳೆ ನೋಡಿ ಜಮೆ ಪಡೆಯಬೇಕು. ಒಬ್ಬರಿಗೆ ಒಂದು ದಿನ ರೂ. 10,000 ಮೀರಿ ನಗದು ಕೊಟ್ಟರೆ ಆ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಮಾನ್ಯ ಮಾಡುವುದಿಲ್ಲ. ಬ್ಯಾಂಕಿನ ಮೂಲಕ ಕೊಟ್ಟರೆ ವೆಚ್ಚವೂ ಮಾನ್ಯ, ಖರೀದಿಯ ದಿನಾಂಕಕ್ಕೆ ಮೂರನೆಯವರ ಸಾಕ್ಷಿಯೂ ದೊರೆತಂತೆ.

ಈ ಮಾತುಗಳು ದೊಡ್ಡ ಹೆಸರುಗಳಿಗಿಂತ ಸಣ್ಣ ಹೆಸರುಗಳಿಗೆ ಹೆಚ್ಚು ಅನ್ವಯಿಸುತ್ತವೆ. ಕೊಹ್ಲಿ ಅವರ ಪ್ರತಿ ಪಂದ್ಯಕ್ಕೂ ಸಾವಿರಾರು ಛಾಯಾಚಿತ್ರಗಳಿವೆ. ಹಳ್ಳಿಯಿಂದ ಬಂದು ರಾಜ್ಯ ತಂಡಕ್ಕೆ ಆಡಿದ ಕಬಡ್ಡಿ ಆಟಗಾರ್ತಿಯ ಅಂಗಿಗೆ ಅಂತಹ ಚಿತ್ರಗಳಿರುವುದಿಲ್ಲ. ಮುಂದೆ ಅವಳು ಹೆಸರು ಗಳಿಸಿದಾಗ ಆ ಅಂಗಿಗೆ ಬೆಲೆ ಬರಬಹುದು, ಕಷ್ಟಕಾಲದಲ್ಲಿ ಅವಳಿಗೇ ಅದು ಆಸರೆಯಾಗಬಹುದು. ಪಂದ್ಯ ಮುಗಿದ ದಿನವೇ ತರಬೇತುದಾರರ ಸಹಿಯೊಡನೆ ಬರೆದಿಟ್ಟ ಒಂದು ಚೀಟಿ, ಅಂಗಿ ಕೈಯಲ್ಲಿ ಹಿಡಿದು ತೆಗೆಸಿಕೊಂಡ ಒಂದು ಚಿತ್ರ ಇದ್ದರೆ ಆ ಬೆಲೆ ಅವಳದಾಗುತ್ತದೆ. ಊರಿನ ಪಂದ್ಯಾವಳಿಗಳಿಗೆ ಜೆರ್ಸಿ ಹೊಲಿದುಕೊಡುವ ಘಟಕಗಳು, ಬಹುಮಾನ ಪ್ರಾಯೋಜಿಸುವ ವರ್ತಕರು ಈ ಚಿಕ್ಕ ಅಭ್ಯಾಸವನ್ನು ರೂಢಿಗೆ ತರಬಲ್ಲರು. ಖರ್ಚು ಒಂದು ಹಾಳೆ ಕಾಗದ. ಬಟ್ಟೆಯನ್ನು ಹಳತಾಗಿಸುವ ವಿದ್ಯೆ ಈ ಸೀಮೆಗೆ ಕರಗತವಾಗಿದೆ. ಹಳೆಯ ತಾರೀಖಿನ ನಿಜವಾದ ಪತ್ರವನ್ನು ಮಾತ್ರ ಯಾವ ವಾಷಿಂಗ್ ಘಟಕವೂ ತಯಾರಿಸಲಾರದು. ಅದನ್ನು ಆಯಾ ದಿನವೇ ಬರೆದಿಡಬೇಕು.